ಹೊಸಬರಿಗೆ ಯಾವ ಕಂಪನಿಯ ಗಾಳಿಪಟ? ಸಣ್ಣ ಅಂಗಡಿಯವರು ತೂಗಿನೋಡುವ ಬಗೆ

ಗಾಳಿಪಟ ಕೊಂಡವರು ಬಯಲಿಗೆ ಹೋದ ಮೊದಲ ಹತ್ತು ನಿಮಿಷದೊಳಗೆ ಪಟ ಮೇಲೇರಬೇಕು. ಏರದಿದ್ದರೆ ಅದು ಮನೆಯ ಅಟ್ಟ ಸೇರುತ್ತದೆ, ಕೊಂಡವರು ಮತ್ತೆ ನಿಮ್ಮ ಅಂಗಡಿಯ ಮೆಟ್ಟಿಲು ಹತ್ತುವುದಿಲ್ಲ. ನೂರು ಬಗೆಯ ಸಾಮಾನು ಮಾರುವ ದೊಡ್ಡ ಮಳಿಗೆಗೆ ಇದು ಲೆಕ್ಕಕ್ಕೇ ಬಾರದ ಸಂಗತಿ. ಸಣ್ಣ ಅಂಗಡಿ ಬದುಕುವುದು ಎರಡನೇ ಸಲ ಬರುವ ಗಿರಾಕಿಯಿಂದ. ಆದ್ದರಿಂದ ಬ್ರ್ಯಾಂಡ್‌ಗಳನ್ನು ಹೋಲಿಸುವಾಗ ಮುಖ್ಯವಾಗಿ ಎರಡು ಪ್ರಶ್ನೆ ಕೇಳಿಕೊಳ್ಳಿ: ಎಂದೂ ಪಟ ಹಾರಿಸದವರ ಕೈಯಲ್ಲಿ ಇದು ಏರುತ್ತದೆಯೇ? ಮುರಿದು ತಂದರೆ ನಾವು ಸರಿಮಾಡಿ ಕೊಡಬಲ್ಲೆವೇ? ಬಣ್ಣ, ಚಿತ್ರ, ಪ್ಯಾಕಿಂಗ್ ಆಮೇಲಿನ ಮಾತು.

ಮೊದಲು ಆಕಾರ, ಆಮೇಲೆ ಬ್ರ್ಯಾಂಡ್

ಒಂದು ಕಂಪನಿಯ ಡೆಲ್ಟಾವನ್ನು ಇನ್ನೊಂದರ ಡೈಮಂಡ್ ಜೊತೆ ಇಟ್ಟು ‘ಇದು ಚೆನ್ನಾಗಿ ಹಾರುತ್ತದೆ’ ಎಂದರೆ ಹೋಲಿಸಿದ್ದು ಆಕಾರವನ್ನು, ಬ್ರ್ಯಾಂಡನ್ನಲ್ಲ. ಹೊಸಬರ ಅಂಗಡಿಗೆ ಬೇಕಾಗುವ ಆಕಾರಗಳು ಐದು. ಹೋಲಿಕೆ ಯಾವಾಗಲೂ ಒಂದೇ ಆಕಾರ, ಹೆಚ್ಚುಕಡಿಮೆ ಒಂದೇ ಅಗಲದ ಪಟಗಳ ನಡುವೆ ಇರಲಿ.

ತ್ರಿಕೋನದ ಡೆಲ್ಟಾ ಹೊಸಬರಿಗೆ ಎಲ್ಲಕ್ಕಿಂತ ನಿಶ್ಚಿಂತೆಯದು. ನಡುವೆ ಕೆಳಗೆ ಇಳಿಬಿದ್ದ ಬಟ್ಟೆಯ ತುಂಡಿಗೆ, ಅಂದರೆ ಕೀಲ್‌ಗೆ, ದಾರ ಕಟ್ಟುವ ತೂತು ಇರುತ್ತದೆ. ಸೂತ್ರ, ಅಂದರೆ ಪಟಕ್ಕೂ ದಾರಕ್ಕೂ ನಡುವೆ ಕಟ್ಟುವ ಎಳೆಗಳು, ಹಾಕಿ ಹೊಂದಿಸುವ ಕೆಲಸವೇ ಇಲ್ಲ. ರೆಕ್ಕೆಗಳು ಗಾಳಿಗೆ ಹಿಂದಕ್ಕೆ ಬಾಗಿ ತಾವೇ ಸಮತೋಲ ಕಂಡುಕೊಳ್ಳುತ್ತವೆ. 1.5ರಿಂದ 2.2 ಮೀಟರ್ ಅಗಲದ್ದನ್ನು ಆರಿಸಿ. ಒಂದು ಮೀಟರಿಗಿಂತ ಚಿಕ್ಕ ಡೆಲ್ಟಾ ಅಗ್ಗವಾಗಿ ಸಿಗುತ್ತದೆ ನಿಜ, ಆದರೆ ಪಟ ಚಿಕ್ಕದಾದಷ್ಟೂ ಅದರ ಓಲಾಟ ಚುರುಕು. ಸಣ್ಣ ಗಾಳಿಹೊಡೆತಕ್ಕೂ ಗಿರಕಿ ಹೊಡೆಯುತ್ತದೆ. ಮಕ್ಕಳಿಗೆ ಚಿಕ್ಕ ಪಟ ಕೊಡಬೇಕು ಎಂಬುದು ತುಂಬ ಜನರ ನಂಬಿಕೆ. ಮಗುವಿಗೆ ಬೇಕಾದದ್ದು ಮೆಲ್ಲಗೆ ಚಲಿಸುವ ಪಟ.

ಡೈಮಂಡ್ ಎಲ್ಲರ ಮನಸ್ಸಿನಲ್ಲಿರುವ ಗಾಳಿಪಟದ ರೂಪ, ಹಾಗಾಗಿ ಕೇಳಿ ಬರುವವರು ಹೆಚ್ಚು. ಅಡ್ಡಕಡ್ಡಿ ಬಾಗಿಲ್ಲದ ಚಪ್ಪಟೆ ಡೈಮಂಡ್‌ಗೆ ಬಾಲಂಗೋಚಿ ಬೇಕೇ ಬೇಕು. ಪಟದ ಎತ್ತರದ 5ರಿಂದ 8 ಪಟ್ಟು ಉದ್ದ ಇದ್ದರೆ ಸಾಕು. ಪ್ಯಾಕಿನೊಳಗೆ ಒಂದು ಮೀಟರ್ ರಿಬ್ಬನ್ ಮಾತ್ರ ಇಟ್ಟಿದ್ದರೆ ಅದು ಅಲಂಕಾರ, ಬಾಲಂಗೋಚಿಯಲ್ಲ.

ಸ್ಲೆಡ್‌ಗೆ ಅಡ್ಡಕಡ್ಡಿ ಇಲ್ಲ. ಉದ್ದಕ್ಕೆ ಎರಡು ಮೂರು ಕಡ್ಡಿ ಅಷ್ಟೆ. ಬಿಚ್ಚಿದರೆ ಸಿದ್ಧ. ಗಾಳಿ ಒಮ್ಮೆಗೇ ನಿಂತರೆ ಮಡಚಿಕೊಂಡು ಬೀಳುತ್ತದೆ, ಹಾಗಾಗಿ ಗಾಳಿ ಸಮವಾಗಿ ಬೀಸುವ ತೆರೆದ ಜಾಗಕ್ಕೆ ಮಾತ್ರ ಹೇಳಿ ಕೊಡಿ. ಪ್ಯಾರಾಫಾಯಿಲ್‌ಗೆ ಕಡ್ಡಿಯೇ ಇಲ್ಲ. 1960ರ ದಶಕದಲ್ಲಿ ಡೊಮಿನಾ ಜಾಲ್ಬರ್ಟ್ ರೂಪಿಸಿದ ಬಟ್ಟೆಯ ರೆಕ್ಕೆ ಇದು, ಮುಂಬದಿಯ ಬಾಯಿಗಳಿಂದ ಗಾಳಿ ತುಂಬಿಕೊಂಡು ಆಕಾರ ತಳೆಯುತ್ತದೆ. ಮುರಿಯುವುದಕ್ಕೆ ಏನೂ ಇಲ್ಲದಿರುವುದು ಇದರ ಲಾಭ. ಜೋರಾದ ಎಳೆತ ಮತ್ತು ಸಿಕ್ಕುಬೀಳುವ ಹತ್ತಾರು ಸೂತ್ರದ ಎಳೆಗಳು ಇದರ ಕಷ್ಟ.

ಐದನೆಯದು ಎರಡು ದಾರದ ಪಟ, ಎಡಗೈ ಬಲಗೈ ಎಳೆದು ತಿರುಗಿಸುವಂಥದ್ದು. ಇದರಲ್ಲಿ ಎರಡು ಬಗೆ: ಕಡ್ಡಿಯ ಚೌಕಟ್ಟಿನದು, ಕಡ್ಡಿಯಿಲ್ಲದ ಫಾಯಿಲ್. ಕಲಿಯುವವರು ದಿನಕ್ಕೆ ಇಪ್ಪತ್ತು ಸಲ ಮೂತಿ ಕೆಳಗಾಗಿ ನೆಲಕ್ಕೆ ಹೊಡೆಯುತ್ತಾರೆ. ಆದ್ದರಿಂದ ಮೊದಲ ಎರಡು ದಾರದ ಪಟವಾಗಿ 1.2ರಿಂದ 1.4 ಮೀಟರಿನ ಫಾಯಿಲನ್ನೇ ಮುಂದಿಡುವುದು ಒಳ್ಳೆಯದು.

ಮೇಜಿನ ಮೇಲಿನ ಪರೀಕ್ಷೆ

ಸಗಟು ಆರ್ಡರಿಗೆ ಮೊದಲು ಪ್ರತಿ ಬ್ರ್ಯಾಂಡಿನಿಂದ ಒಂದೊಂದು ಪಟ ತರಿಸಿ. ಹೊಲಿಗೆ, ಕಡ್ಡಿ, ದಾರ ಮೂರನ್ನೂ ನೋಡಲು ಒಂದು ಪಟಕ್ಕೆ ಇಪ್ಪತ್ತು ನಿಮಿಷ ಸಾಕು. ಬೇಕಾದದ್ದು ಅಡುಗೆಮನೆಯ ತಕ್ಕಡಿ, ಟೇಪು, ಒಳ್ಳೆಯ ಬೆಳಕು.

1. ಪಟವನ್ನು ತೆರೆಯುವಾಗಲೇ ಗಡಿಯಾರ ನೋಡಿಕೊಳ್ಳಿ. ಸೂಚನಾ ಚೀಟಿ ಓದದೆ, ಅಭ್ಯಾಸವಿಲ್ಲದ ಒಬ್ಬರು ಒಂದು ದಾರದ ಪಟವನ್ನು ಮೂರು ನಿಮಿಷದಲ್ಲಿ ಜೋಡಿಸಬಲ್ಲರೇ? ಕಡ್ಡಿ ಎಲ್ಲಿ ಸೇರಬೇಕು ಎಂದು ಹುಡುಕಬೇಕಾಗಿ ಬಂದರೆ ಬಯಲಿನಲ್ಲಿ, ಗಾಳಿಯಲ್ಲಿ, ಅಳುವ ಮಗುವಿನ ಎದುರು ಅದು ಇನ್ನೂ ಕಷ್ಟ.

2. ನಡುಕಡ್ಡಿಯ ಗುಂಟ ಪಟವನ್ನು ಮಡಚಿ. ಎರಡು ರೆಕ್ಕೆಯ ತುದಿಗಳು ಒಂದರ ಮೇಲೊಂದು ಕೂರಬೇಕು. ಅರ್ಧ ಸೆಂಟಿಮೀಟರಿಗಿಂತ ಹೆಚ್ಚು ಅಂತರ ಕಂಡರೆ ಆ ಪಟ ಒಂದೇ ಕಡೆಗೆ ವಾಲುತ್ತದೆ. ಸೂತ್ರ ಇರುವ ಪಟದಲ್ಲಿ ಎಡ ಬಲ ಎಳೆಗಳನ್ನು ಒಟ್ಟಿಗೆ ಹಿಡಿದು ಜಗ್ಗಿ ಅಳತೆ ನೋಡಿ. ‘ನಿಮ್ಮ ಪಟ ಬಲಕ್ಕೇ ಹೋಗುತ್ತದೆ’ ಎಂದು ಬರುವ ದೂರುಗಳಿಗೆ ಬಹುಪಾಲು ಈ ಎರಡೇ ಕಾರಣ.

3. ರೆಕ್ಕೆಯ ಎರಡು ಅಂಚುಕಡ್ಡಿಗಳನ್ನು ಹೊರತೆಗೆದು, ಎರಡು ಕುರ್ಚಿಗಳ ನಡುವೆ ಒಂದೊಂದಾಗಿ ಅಡ್ಡಲಿಟ್ಟು ಮಧ್ಯಕ್ಕೆ ಒಂದೇ ತೂಕ ತೂಗುಹಾಕಿ. ಎರಡೂ ಒಂದೇ ಅಳತೆ ಬಾಗಬೇಕು. ಎರಡು ದಾರದ ಪಟಕ್ಕಂತೂ ಈ ಪರೀಕ್ಷೆ ತಪ್ಪಿಸಬೇಡಿ.

4. ಬಟ್ಟೆಯನ್ನು ಬಾಯಿಗೆ ಒತ್ತಿ ಊದಿ. ಲೇಪನ ಗಟ್ಟಿಯಾಗಿದ್ದರೆ ಉಸಿರು ಆಚೆಗೆ ಹೋಗುವುದಿಲ್ಲ. ಬೆಳಕಿಗೆ ಹಿಡಿದಾಗ ಸಣ್ಣ ಚೌಕಳಿ ಕಂಡರೆ ಅದು ರಿಪ್‌ಸ್ಟಾಪ್, ಹರಿದರೂ ಹರಕು ಮುಂದಕ್ಕೆ ಓಡದಂತೆ ದಪ್ಪ ಎಳೆ ಸೇರಿಸಿ ನೇಯ್ದದ್ದು. ನೈಲಾನ್ ರಿಪ್‌ಸ್ಟಾಪ್ ಒದ್ದೆಯಾದರೆ ಹಿಗ್ಗುತ್ತದೆ, ಒಣಗಿದರೆ ಬಿಗಿಯುತ್ತದೆ. ಪಾಲಿಯೆಸ್ಟರ್ ತನ್ನ ಅಳತೆ ಬಿಡುವುದಿಲ್ಲ. ಒಂದು ದಾರದ ಡೆಲ್ಟಾಗೆ ಈ ವ್ಯತ್ಯಾಸ ದೊಡ್ಡದಲ್ಲ. ಎರಡು ದಾರದ ಚೌಕಟ್ಟಿನ ಪಟಕ್ಕೆ ದೊಡ್ಡದು. ಚೌಕಳಿ ಇಲ್ಲದ ದಪ್ಪ ಟಫೆಟಾ ಬಟ್ಟೆ ಅಗ್ಗ, ಭಾರ ಹೆಚ್ಚು; ಅದು ಕೆಟ್ಟದ್ದಲ್ಲ, ಆದರೆ ಮಂದ ಗಾಳಿಯ ಪಟ ಎಂದು ಅದನ್ನು ಮಾರಬೇಡಿ.

5. ಮೂತಿ, ರೆಕ್ಕೆಯ ತುದಿಯ ಜೇಬು, ಕಡ್ಡಿ ಹೊರಬರುವ ಕಿಂಡಿ: ಈ ಮೂರು ಕಡೆ ಹೆಬ್ಬೆರಳಿಟ್ಟು ಜೋರಾಗಿ ಎಳೆಯಿರಿ. ಹೊಲಿಗೆ ಬಿಡುವುದು ಇಲ್ಲಿಂದಲೇ. ಮೂತಿಗೆ ಎರಡು ಮೂರು ಪದರದ ಗಟ್ಟಿ ಪಟ್ಟಿ ಹಾಕಿದ್ದಾರೆಯೇ, ಜೇಬಿನ ತುದಿಗೆ ಇನ್ನೊಂದು ಪದರ ಸೇರಿಸಿದ್ದಾರೆಯೇ ನೋಡಿ. ಒಂದೇ ಪದರದ ಜೇಬನ್ನು ಕಡ್ಡಿಯ ತುದಿ ಬೇಗ ತೂತು ಮಾಡುತ್ತದೆ.

6. ಕಡ್ಡಿಗಳು. ಫೈಬರ್‌ಗ್ಲಾಸ್ ಬಾಗುತ್ತದೆ, ಸುಲಭಕ್ಕೆ ಮುರಿಯುವುದಿಲ್ಲ, ಆದರೆ ಭಾರ. ಕಾರ್ಬನ್ ಅದಕ್ಕಿಂತ ಸುಮಾರು ಮೂರು ಪಟ್ಟು ಬಿರುಸು, ತೂಕವೂ ಕಡಿಮೆ. ನೆಲಕ್ಕೆ ಬಡಿದರೆ ಟಣ್ಣನೆ ಒಡೆಯುತ್ತದೆ. ಕಲಿಯುವವರಿಗೆ ಫೈಬರ್‌ಗ್ಲಾಸೇ ಸರಿ. ‘ಕಾರ್ಬನ್ ಫ್ರೇಮ್’ ಎಂದು ದೊಡ್ಡದಾಗಿ ಬರೆದ ಮೊದಲ ಪಟ ರಿಪೇರಿಗೆ ಬೇಗ ಬರುತ್ತದೆ.

7. ಕಡ್ಡಿ ಸೇರಿಸುವ ಕೀಲುಗಳು ಮೆತ್ತನೆಯ ವಿನೈಲ್ ಅಥವಾ ರಬ್ಬರಿನವಾಗಿದ್ದರೆ ಪೆಟ್ಟು ತಾಳುತ್ತವೆ. ಪೆಡಸು ಪ್ಲಾಸ್ಟಿಕ್ ಬಿಸಿಲಿಗೆ ಒಣಗಿ ಸೀಳುತ್ತದೆ. ಅಂಚುಕಡ್ಡಿಯ ಮೇಲಿನ ಕೀಲು ಜಾರದಂತೆ ಎರಡೂ ಬದಿಗೆ ತಡೆ ಹಾಕಿದ್ದಾರೆಯೇ ಎಂಬುದನ್ನೂ ನೋಡಿ. ಹಾರುವಾಗ ಕೀಲು ಜಾರಿದರೆ ಒಂದು ರೆಕ್ಕೆ ಸಡಿಲವಾಗಿ ಪಟ ಸುರುಳಿ ಸುತ್ತುತ್ತ ಬೀಳುತ್ತದೆ.

8. ಕೊನೆಯದಾಗಿ ದಾರ, ಮತ್ತು ಬಹಳ ಮಂದಿ ನೋಡುವುದನ್ನೇ ಮರೆಯುವ ಒಂದು ಸಂಗತಿ: ದಾರವನ್ನು ಪೂರ್ತಿ ಬಿಚ್ಚಿ, ಒಳತುದಿಯನ್ನು ರೀಲಿಗೆ ಕಟ್ಟಿದ್ದಾರೆಯೇ ಎಂದು ಪರೀಕ್ಷಿಸಿ. ಅಗ್ಗದ ಪಟಗಳಲ್ಲಿ ಸುಮ್ಮನೆ ಸುತ್ತಿ ಬಿಟ್ಟಿರುವುದುಂಟು. ಮಗು ಖುಷಿಯಿಂದ ದಾರ ಬಿಡುತ್ತ ಬಿಡುತ್ತ ತುದಿ ಬಂದಾಗ ಖಾಲಿ ರೀಲು ಕೈಯಲ್ಲಿ ಉಳಿದು ಪಟ ದಾರದ ಸಮೇತ ಹೊರಟುಹೋಗುತ್ತದೆ.

ದಾರದ ಗಟ್ಟಿತನಕ್ಕೆ ಸರಳ ಲೆಕ್ಕ ಇಟ್ಟುಕೊಳ್ಳಿ. ಒಂದು ದಾರದ ಪಟಕ್ಕೆ ಬಟ್ಟೆಯ ಪ್ರತಿ ಚದರ ಮೀಟರಿಗೆ ಸುಮಾರು 15 ಕೆ.ಜಿ. ತಾಳುವ ದಾರ ಕನಿಷ್ಠ. ಪ್ಯಾರಾಫಾಯಿಲ್‌ಗೆ ಅದರ ಎರಡರಷ್ಟು. ಎರಡು ಮೀಟರ್ ಅಗಲದ ಡೆಲ್ಟಾದ ಬಟ್ಟೆ ಹತ್ತಿರಹತ್ತಿರ ಒಂದು ಚದರ ಮೀಟರ್, ಹಾಗಾಗಿ 23 ಕೆ.ಜಿ. ದಾರ ನೆಮ್ಮದಿಯದು. ಪ್ಯಾಕಿನ ಮೇಲೆ ಇದನ್ನು 50 ಪೌಂಡ್ ಎಂದು ಬರೆದಿರುತ್ತಾರೆ. ಹುರಿ ಹೊಸೆದ ದಾರ ಬಿಚ್ಚುವಾಗ ಸುರುಳಿಗಟ್ಟುತ್ತದೆ, ಹೆಣೆದ ಪಾಲಿಯೆಸ್ಟರ್ ಸುರುಳಿಗಟ್ಟುವುದಿಲ್ಲ. ಎರಡು ದಾರದ ಪಟಕ್ಕೆ ಡೈನೀಮಾ ಎಂಬ ಗಟ್ಟಿ ಕೃತಕ ನಾರಿನ ಎಳೆಗಳು ಬೇಕು; ಅವು ಜಗ್ಗಿದರೆ ಹಿಗ್ಗುವುದು ತೀರ ಕಡಿಮೆ, ಕೈ ಎಳೆದ ತಕ್ಷಣ ಪಟ ತಿರುಗುತ್ತದೆ. ಜೊತೆಗೆ ಸಾಮಾನ್ಯ ಪಾಲಿಯೆಸ್ಟರ್ ದಾರ ಕೊಟ್ಟಿದ್ದರೆ ಪಟ ಎಷ್ಟೇ ಒಳ್ಳೆಯದಿದ್ದರೂ ಕಲಿಯುವವರಿಗೆ ಅದು ರಬ್ಬರಿನಲ್ಲಿ ಕಟ್ಟಿದಂತೆ ಅನಿಸುತ್ತದೆ. ಡೈನೀಮಾ ಸುಮಾರು 150 ಡಿಗ್ರಿ ಸೆಲ್ಸಿಯಸ್ ಬಿಸಿಗೆ ಕರಗುವಂಥದ್ದು, ಬೇರೆ ಬಗೆಯ ದಾರ ಅದರ ಮೇಲೆ ಉಜ್ಜಿದರೆ ಕ್ಷಣದಲ್ಲಿ ತುಂಡಾಗುತ್ತದೆ. ತುದಿಯಲ್ಲಿ ಗಂಟಿನ ಜಾಗಕ್ಕೆ ಹೆಣೆದ ಕವಚ ತೊಡಿಸಿದ್ದಾರೆಯೇ ನೋಡಿ.

ಗಾಜಿನ ಪುಡಿ ಹಚ್ಚಿದ ದಾರ, ಲೋಹದ ಎಳೆ ಸೇರಿದ ದಾರ ಎರಡನ್ನೂ ಅಂಗಡಿಯೊಳಕ್ಕೆ ತರಲೇಬೇಡಿ. ಒಂದು ಕುತ್ತಿಗೆ ಕೊಯ್ಯುತ್ತದೆ, ಇನ್ನೊಂದು ವಿದ್ಯುತ್ ತಂತಿಗೆ ತಾಗಿದರೆ ಹಿಡಿದವರನ್ನೇ ಸುಡುತ್ತದೆ. ಮಕ್ಕಳ ಆಟಿಕೆಯಾಗಿ ಬರುವ ಪಟದ ಮೇಲೆ ಆಟಿಕೆ ಸುರಕ್ಷತೆಯ ಮಾನದಂಡಗಳಾದ ಇಎನ್ 71 ಅಥವಾ ಎಎಸ್‌ಟಿಎಂ ಎಫ್963 ಗುರುತು ಇದೆಯೇ, ವಯಸ್ಸಿನ ಸೂಚನೆ ಏನಿದೆ ಎಂಬುದನ್ನೂ ಬರೆದಿಟ್ಟುಕೊಳ್ಳಿ.

ಬಯಲಿನ ಪರೀಕ್ಷೆ

ಪ್ಯಾಕಿನ ಮೇಲೆ ಬರೆದ ಗಾಳಿಯ ವ್ಯಾಪ್ತಿ ನಿಜವೇ? ಬ್ರ್ಯಾಂಡ್‌ಗಳ ನಡುವಿನ ದೊಡ್ಡ ವ್ಯತ್ಯಾಸ ಇರುವುದು ಇಲ್ಲಿ. ‘ಗಂಟೆಗೆ 6ರಿಂದ 40 ಕಿ.ಮೀ.’ ಎಂದು ಬರೆದದ್ದನ್ನು ಹಾಗೆಯೇ ನಂಬಬೇಡಿ. ಗಾಳಿಯ ವೇಗ ಎರಡು ಪಟ್ಟಾದರೆ ಪಟದ ಮೇಲಿನ ಒತ್ತಡ ನಾಲ್ಕು ಪಟ್ಟಾಗುತ್ತದೆ. ಆರು ಕಿ.ಮೀ. ಗಾಳಿಗೆ ಏರುವಷ್ಟು ಹಗುರ ಪಟ ನಲವತ್ತರಲ್ಲಿ ನಲವತ್ತನಾಲ್ಕು ಪಟ್ಟು ಒತ್ತಡ ತಾಳಬೇಕಾಗುತ್ತದೆ.

ಸಣ್ಣ ಗಾಳಿಮಾಪಕ ಇದ್ದರೆ ಒಳ್ಳೆಯದು, ಇಲ್ಲದಿದ್ದರೆ ಸುತ್ತಲಿನ ಗುರುತು ನೋಡಿ ಗಾಳಿಯ ಬಲವನ್ನು ಅಂಕಿಯಲ್ಲಿ ಹೇಳುವ ಬ್ಯೂಫೋರ್ಟ್ ಮಾಪನ ಸಾಕು. ಮುಖಕ್ಕೆ ಗಾಳಿ ತಾಗಿ ಎಲೆ ಸರಸರ ಎಂದರೆ ಅದು 2, ಗಂಟೆಗೆ 6–11 ಕಿ.ಮೀ. ಎಲೆ, ಕಿರುಕೊಂಬೆ ಒಂದೇ ಸಮನೆ ಅಲುಗುತ್ತಿದ್ದರೆ 3, ಅಂದರೆ 12–19 ಕಿ.ಮೀ.; ಹೊಸಬರಿಗೆ ಇದೇ ಚಿನ್ನದಂಥ ಗಾಳಿ. ಧೂಳು, ಕಾಗದ ಮೇಲೆದ್ದರೆ 4, 20–28 ಕಿ.ಮೀ. ಚಿಕ್ಕ ಮರಗಳು ತೂಗಾಡತೊಡಗಿದರೆ 5. ಅಲ್ಲಿಗೆ ಹೊಸಬರ ಆಟ ಮುಗಿಯಿತು.

ಪ್ರತಿ ಪಟವನ್ನೂ ಎರಡು ದಿನ ಹಾರಿಸಿ: ಒಂದು ದಿನ 8–10 ಕಿ.ಮೀ. ಗಾಳಿಯಲ್ಲಿ, ಇನ್ನೊಂದು ದಿನ 20ರ ಮೇಲೆ. ಹೋಲಿಸುವ ಪಟಗಳನ್ನು ಒಂದೇ ದಿನ, ಒಂದೇ ಜಾಗದಲ್ಲಿ, ಒಂದರ ಹಿಂದೆ ಒಂದು ಹಾರಿಸಬೇಕು. ಬೆಳಗ್ಗೆ ಒಂದು, ಸಂಜೆ ಒಂದು ಹಾರಿಸಿದರೆ ನೀವು ಅಳೆದದ್ದು ಗಾಳಿಯನ್ನು. ಜಾಗ ಮರ ಕಟ್ಟಡಗಳಿಂದ ದೂರ ಇರಲಿ. ಅಡ್ಡ ನಿಂತದ್ದರ ಎತ್ತರದ ಏಳು ಪಟ್ಟು ದೂರದವರೆಗೂ ಅದರ ಮರೆಯಲ್ಲಿ ಗಾಳಿ ಸುಳಿಸುಳಿಯಾಗಿ ಕಲಕಿರುತ್ತದೆ. ಹತ್ತು ಮೀಟರ್ ಮರದ ಹಿಂದೆ ಎಪ್ಪತ್ತು ಮೀಟರ್ ಬಿಡಬೇಕು ಎಂದಾಯಿತು.

ಹಾರಿಸುವವರು ನೀವಾಗಬೇಡಿ. ಕೈ ಪಳಗಿದವರು ಕೆಟ್ಟ ಪಟವನ್ನೂ ಏರಿಸಿಬಿಡುತ್ತಾರೆ, ತಪ್ಪು ಬಯಲಾಗುವುದೇ ಇಲ್ಲ. ಪಟ ಮುಟ್ಟಿರದ ನೆಂಟರನ್ನೋ ನೆರೆಯವರನ್ನೋ ಕರೆದು, ಒಂದೇ ಮಾತು ಹೇಳಿಕೊಡಿ: ಓಡಬೇಡಿ. ಗಾಳಿಗೆ ಬೆನ್ನು ಕೊಟ್ಟು ನಿಲ್ಲಿ, ಜೊತೆಗಾರರು ಇಪ್ಪತ್ತು ಮೀಟರ್ ಆಚೆ ಪಟ ಎತ್ತಿ ಹಿಡಿಯಲಿ, ಗಾಳಿ ಬಂದಾಗ ಅವರು ಕೈ ಬಿಡಲಿ, ನೀವು ದಾರವನ್ನು ಕೈಮೇಲೆ ಕೈಯಾಗಿ ಎಳೆದುಕೊಳ್ಳಿ. ಆಮೇಲೆ ನಾಲ್ಕು ಸಂಗತಿ ಬರೆದುಕೊಳ್ಳಿ. ಎಷ್ಟನೇ ಯತ್ನಕ್ಕೆ ಏರಿತು? ದಾರವನ್ನು ಮುಟ್ಟದೆ ಬಿಟ್ಟರೆ ಹತ್ತು ನಿಮಿಷ ನಿಂತಿತೇ? ಗಾಳಿ ಹೊಡೆತಕ್ಕೆ ವಾಲಿದಾಗ ತಾನೇ ಸರಿಹೋಯಿತೇ? ಇಳಿಸಿದ ಮೇಲೆ ಏನಾದರೂ ಸಡಿಲಾಗಿದೆಯೇ? ಮೂರನೇ ಯತ್ನದೊಳಗೆ ಏರದ ಪಟವನ್ನು ಹೊಸಬರ ಕಪಾಟಿನಲ್ಲಿ ಇಡುವುದು ಬೇಡ, ಹೆಸರು ಯಾರದ್ದೇ ಇರಲಿ.

ಎರಡು ದಾರದ ಪಟಕ್ಕೆ ಇನ್ನೂ ಒಂದು ಪರೀಕ್ಷೆ ಉಂಟು. 25 ಮೀಟರ್ ದಾರಗಳ ತುದಿಯನ್ನು ಒಂದು ಗೂಟಕ್ಕೆ ಕಟ್ಟಿ ಎಳೆದು ಎರಡೂ ಸಮವೇ ನೋಡಿ. ಒಂದೆರಡು ಸೆಂಟಿಮೀಟರ್ ಹೆಚ್ಚುಕಡಿಮೆಯಾದರೂ ಪಟ ಒಂದು ಕಡೆ ಎಳೆಯುತ್ತದೆ. ಆಮೇಲೆ ಮೆತ್ತನೆಯ ಹುಲ್ಲು ಅಥವಾ ಮರಳಿನ ಮೇಲೆ ಹತ್ತು ಸಲ ಬೇಕೆಂದೇ ಬೀಳಿಸಿ. ಏನು ಮುರಿಯಿತು, ಏನು ಕಳಚಿಕೊಂಡಿತು ಎಂಬುದು ಮುಂದೆ ನೀವು ಯಾವ ಬಿಡಿಭಾಗ ಇಟ್ಟುಕೊಳ್ಳಬೇಕು ಎಂಬುದಕ್ಕೆ ಪಟ್ಟಿಯೂ ಆಗುತ್ತದೆ.

ಹೆಸರುಗಳತ್ತ ಒಂದು ನೋಟ

ಬಹುಪಾಲು ಬ್ರ್ಯಾಂಡ್‌ಗಳ ಪಟಗಳ ಹೊಲಿಗೆ ಆಗುವುದು ಚೀನಾದಲ್ಲಿ. ಶಾಂಡಾಂಗ್ ಪ್ರಾಂತ್ಯದ ವೇಫಾಂಗ್ ಊರಿಗೆ ಗಾಳಿಪಟದ ರಾಜಧಾನಿ ಎಂದೇ ಹೆಸರು, 1984ರಿಂದ ಅಲ್ಲಿ ಅಂತರರಾಷ್ಟ್ರೀಯ ಗಾಳಿಪಟ ಉತ್ಸವ ನಡೆಯುತ್ತಿದೆ. ಹೀಗಾಗಿ ‘ಯಾವ ದೇಶದಲ್ಲಿ ಮಾಡಿದ್ದು’ ಎಂಬುದರಿಂದ ಗುಣ ತಿಳಿಯುವುದಿಲ್ಲ. ಬಟ್ಟೆ, ಕಡ್ಡಿ ಯಾವುದಿರಬೇಕೆಂದು ಬ್ರ್ಯಾಂಡ್ ಹೇಳಿಕೊಟ್ಟಿದೆ, ಬಂದ ಮಾಲನ್ನು ಎಷ್ಟು ಕಟ್ಟುನಿಟ್ಟಾಗಿ ತಪಾಸಣೆ ಮಾಡುತ್ತದೆ, ಬಿಡಿಭಾಗ ಕೊಡುತ್ತದೆಯೇ ಎಂಬುದರಲ್ಲಿ ವ್ಯತ್ಯಾಸ ಇದೆ.

ಪ್ರಿಸಂ ಕಂಪನಿಯನ್ನು ಮಾರ್ಕ್ ರೀಡ್ 1992ರಲ್ಲಿ ಅಮೆರಿಕದ ಸಿಯಾಟಲ್‌ನಲ್ಲಿ ಶುರುಮಾಡಿದರು. ಹೊಸಬರ ಮಟ್ಟಿಗೆ ಅವರಲ್ಲಿ ನೋಡಬೇಕಾದ್ದು ಚಿಕ್ಕದಾಗಿ ಮಡಚುವ ಸ್ಟೋವೇ ಸಾಲಿನ ಒಂದು ದಾರದ ಪಟಗಳು, ಮತ್ತು ಸಿನಾಪ್ಸ್ ಎಂಬ ಎರಡು ದಾರದ ಫಾಯಿಲ್. ಸಿನಾಪ್ಸ್ 140, 170, 200 ಎಂಬ ಅಂಕಿಗಳು ಸೆಂಟಿಮೀಟರ್ ಲೆಕ್ಕದ ಅಗಲ. ಹೊಸಬರಿಗೆ 140 ಸಾಕು, 200 ಜೋರು ಗಾಳಿಯಲ್ಲಿ ಹಗುರ ಮೈಯವರನ್ನು ಎಳೆದುಕೊಂಡೇ ಹೋದೀತು. ಮಾದರಿವಾರು ಕಡ್ಡಿ, ಕೀಲು ಬಿಡಿಯಾಗಿ ಸಿಗುವುದು ಈ ಬ್ರ್ಯಾಂಡಿನ ದೊಡ್ಡ ಬಲ. ಬೆಲೆ ಮೇಲಿನ ಸಾಲಿನದು.

ಜರ್ಮನಿಯ ಇನ್‌ವೆಂಟೋ ಕಂಪನಿಯ ಎಚ್‌ಕ್ಯೂ ಹೆಸರಿನ ಪಟಗಳ ಹರವು ತುಂಬ ದೊಡ್ಡದು. ಮಕ್ಕಳ ಡೈಮಂಡ್‌ನಿಂದ ಪಳಗಿದವರ ಪಟದವರೆಗೆ ಎಲ್ಲ ಇದೆ. ಅವರ ಸಿಂಫನಿ ಬೀಚ್ ಫಾಯಿಲ್ 1.3, 1.8, 2.2 ಮೀಟರ್ ಅಗಲದಲ್ಲಿ ಬರುತ್ತದೆ, ಮೊದಲನೆಯದು ಕಲಿಯುವವರಿಗೆ ಹೇಳಿಮಾಡಿಸಿದ ಅಳತೆ. ಗಾಳಿಯ ವ್ಯಾಪ್ತಿಯನ್ನು ಬ್ಯೂಫೋರ್ಟ್ ಅಂಕಿಯಲ್ಲಿ ಸೂಚಿಸುವುದರಿಂದ ಗಿರಾಕಿಗೆ ಮರದ ಎಲೆ ತೋರಿಸಿಯೇ ಅರ್ಥಮಾಡಿಸಬಹುದು. ಅಂಗಡಿಯವರಿಗೆ ಇದು ಸಣ್ಣ ಅನುಕೂಲವಲ್ಲ.

ಅಮೆರಿಕದ ಪ್ರೀಮಿಯರ್ ಕೈಟ್ಸ್ ಬಳಿ ಈಸಿ ಫ್ಲೈಯರ್ ಎಂಬ ಡೆಲ್ಟಾ ಸಾಲು ಮತ್ತು ಬಣ್ಣಬಣ್ಣದ ಡೈಮಂಡ್‌ಗಳಿವೆ. ತೋಟದಲ್ಲಿ ನೆಡುವ ಗಾಳಿಗಿರಗಟ್ಟಲೆಗಳನ್ನೂ ಅವರೇ ಕೊಡುವುದರಿಂದ ಗಾಳಿಪಟದ ಋತು ಮುಗಿದ ಮೇಲೂ ಆರ್ಡರಿಗೆ ದಾರಿಯುಂಟು. ಹ್ಯೂಸ್ಟನ್ ಊರಿನ ಗೇಲಾ ಪ್ಲಾಸ್ಟಿಕ್ ಹಾಳೆಯ ಕೀಲ್ ಡೆಲ್ಟಾಗಳಿಗೆ ಹೆಸರಾದದ್ದು. ರಿಪ್‌ಸ್ಟಾಪ್ ಪಟದಷ್ಟು ವರ್ಷ ಬಾಳಿಕೆ ಬರುವುದಿಲ್ಲ, ಆದರೆ ಹುಟ್ಟುಹಬ್ಬಕ್ಕೆ ಹತ್ತು ಪಟ ಒಟ್ಟಿಗೆ ಕೇಳುವವರಿಗೆ ಇಂಥ ಸರಳ ಡೆಲ್ಟಾವೇ ಸರಿ. ಅಗ್ಗದ್ದರಲ್ಲಿ ಹಾರುವಂಥದ್ದು ಯಾವುದು ಎಂದು ಹುಡುಕಿಡುವುದೂ ಅಂಗಡಿಯವರ ಕೆಲಸವೇ.

ಹೆಸರಿಲ್ಲದ ಪಟಗಳನ್ನು ಪೂರ್ತಿ ತಳ್ಳಿಹಾಕಬೇಕಿಲ್ಲ. ಒಂದು ಕಂತಿನ ಮಾಲು ಚೆನ್ನಾಗಿ ಬಂದು ಮುಂದಿನ ಕಂತಿನಲ್ಲಿ ಕಡ್ಡಿಯ ದಪ್ಪ ಬದಲಾಗಿರಬಹುದು, ಅಪಾಯ ಅದು. ಹಾಗಾಗಿ ಪ್ರತಿ ಪೆಟ್ಟಿಗೆಯಿಂದ ಎರಡನ್ನು ತೆಗೆದು ಮೇಜಿನ ಪರೀಕ್ಷೆ ಮಾಡಿಯೇ ಕಪಾಟಿಗೆ ಏರಿಸಿ.

ಸಗಟುದಾರರಿಗೆ ಕೇಳಬೇಕಾದ್ದು

ಒಂದು ಅಂಚುಕಡ್ಡಿ ಮಾತ್ರ ಬೇಕೆಂದರೆ ಕಳಿಸುತ್ತೀರಾ, ಎಷ್ಟು ದಿನಕ್ಕೆ? ಕನಿಷ್ಠ ಆರ್ಡರ್ ಒಂದೇ ಮಾದರಿಗೋ, ಒಟ್ಟು ಮೊತ್ತಕ್ಕೋ? ಹೊಲಿಗೆ ದೋಷದ ಪಟವನ್ನು ಬದಲಿಸಲು ಪಟವನ್ನೇ ಕಳಿಸಬೇಕೋ, ಚಿತ್ರ ಸಾಕೋ? ಪ್ಯಾಕಿನ ಉದ್ದ ಎಷ್ಟು? ಒಂದು ಮೀಟರಿಗಿಂತ ಉದ್ದದ ಪ್ಯಾಕು ಸಾಗಣೆಯಲ್ಲಿ ಬಾಗುತ್ತದೆ, ಸಾಗಣೆ ವೆಚ್ಚವೂ ಏರುತ್ತದೆ. ದಾರ, ರೀಲು, ಕೈಪಟ್ಟಿ ಎಲ್ಲ ಸೇರಿ ಬರುತ್ತದೆಯೇ? ಬಾರದಿದ್ದರೆ ಅವುಗಳ ಬೆಲೆ ಕೂಡಿಸಿಯೇ ಹೋಲಿಸಿ.

ಇನ್ನು ಲಾಭದ ಲೆಕ್ಕ. ಮಾರಾಟ ಬೆಲೆ 100 ಎಂದಿಟ್ಟುಕೊಳ್ಳಿ. ಮೊದಲ ಬ್ರ್ಯಾಂಡ್ ನಿಮಗೆ 60ಕ್ಕೆ ಸಿಗುತ್ತದೆ, ಇಪ್ಪತ್ತರಲ್ಲಿ ಒಂದು ವಾಪಸ್ಸು ಬರುತ್ತದೆ. ಎರಡನೆಯದು 50ಕ್ಕೇ ಸಿಗುತ್ತದೆ, ಇಪ್ಪತ್ತರಲ್ಲಿ ನಾಲ್ಕು ವಾಪಸ್ಸು. ಮೊದಲನೆಯದರಲ್ಲಿ 1900 ಬಂದು 1200 ಹೋಗಿ 700 ಉಳಿಯುತ್ತದೆ. ಎರಡನೆಯದರಲ್ಲಿ 1600 ಬಂದು 1000 ಹೋಗಿ 600. ಅಗ್ಗದ ಖರೀದಿಯಲ್ಲಿ ನೂರು ಕಡಿಮೆ, ಮೇಲೆ ನಾಲ್ಕು ಮುನಿದ ಗಿರಾಕಿಗಳು. ಇದು ಉದಾಹರಣೆಯ ಅಂಕಿ. ನಿಮ್ಮ ಅಂಕಿ ಹಾಕಿ ನೋಡಿ, ವಾಪಸ್ಸಿನ ಪಾಲು ಎಷ್ಟಾದರೆ ಲಾಭ ತಿರುಗುಮುರುಗಾಗುತ್ತದೆ ಎಂಬುದು ಕಾಣುತ್ತದೆ.

ಮೊದಲ ದಾಸ್ತಾನಿಗೆ 24 ಪಟ ಸಾಕು: ಡೆಲ್ಟಾ 10, ಡೈಮಂಡ್ 5, ಸ್ಲೆಡ್ ಅಥವಾ ಪುಟ್ಟ ಪ್ಯಾರಾಫಾಯಿಲ್ 4, ಎರಡು ದಾರದ ಫಾಯಿಲ್ 3, ಚೌಕಟ್ಟಿನ ಎರಡು ದಾರದ್ದು 2. ಬ್ರ್ಯಾಂಡ್ ಮೂರಕ್ಕಿಂತ ಹೆಚ್ಚು ಬೇಡ, ಇಲ್ಲದಿದ್ದರೆ ಬಿಡಿಭಾಗದ ಡಬ್ಬಿ ಸಂತೆಯಾಗುತ್ತದೆ. ಆ ಡಬ್ಬಿಯಲ್ಲಿ 3, 4, 5, 6 ಮಿ.ಮೀ. ಫೈಬರ್‌ಗ್ಲಾಸ್ ಕಡ್ಡಿಗಳು, ಅದೇ ಅಳತೆಯ ತುದಿಟೊಪ್ಪಿ ಮತ್ತು ವಿನೈಲ್ ಕೊಳವೆ, ರಿಪ್‌ಸ್ಟಾಪ್ ಅಂಟುಪಟ್ಟಿ, 23 ಕೆ.ಜಿ. ಹೆಣೆದ ದಾರದ ದೊಡ್ಡ ಉಂಡೆ, ದಾರ ಹುರಿಗಟ್ಟದಂತೆ ತಿರುಗುವ ಕೊಂಡಿಗಳು ಇರಲಿ. ಕಡ್ಡಿ ಕತ್ತರಿಸುವಾಗ ಕತ್ತರಿಸುವ ಜಾಗಕ್ಕೆ ಅಂಟುಪಟ್ಟಿ ಸುತ್ತಿ, ಸಣ್ಣ ಹಲ್ಲಿನ ಗರಗಸದಿಂದ ಕೊಯ್ದು, ತುದಿಯನ್ನು ಒದ್ದೆ ಮರಳುಕಾಗದದಲ್ಲಿ ಉಜ್ಜಿ. ಮೂಗಿಗೆ ಮಾಸ್ಕ್ ಕಟ್ಟಿಕೊಳ್ಳಿ. ಫೈಬರ್ ಸಿಬಿರು ಚರ್ಮಕ್ಕೆ ಹೊಕ್ಕರೆ ತೆಗೆಯುವುದು ಕಷ್ಟ.

ಗಲ್ಲಾಪೆಟ್ಟಿಗೆಯ ಮುಂದೆ

ಗಿರಾಕಿ ಬಂದಾಗ ಬ್ರ್ಯಾಂಡ್ ಹೆಸರು ಹೇಳುವ ಮೊದಲು ಕೇಳಿ: ಹಾರಿಸುವವರು ಯಾರು, ಎಲ್ಲಿ, ಅಲ್ಲಿ ಗಾಳಿ ಹೇಗೆ? ಸುತ್ತ ಮನೆಗಳಿರುವ ಚಿಕ್ಕ ಮೈದಾನಕ್ಕೆ ಎರಡು ದಾರದ ಪಟ ಬೇಡ. ಅದು 25 ಮೀಟರ್ ದಾರದ ತುದಿಯಲ್ಲಿ ಅಗಲಕ್ಕೆ ಐವತ್ತು ಮೀಟರ್ ಬಳಸುತ್ತದೆ. ವಿದ್ಯುತ್ ತಂತಿ ಹತ್ತಿರ ಇದ್ದರೆ ಯಾವ ಪಟವೂ ಬೇಡ. ಗುಡುಗು ಸಿಡಿಲಿನ ಹೊತ್ತಿನಲ್ಲಿ, ವಿಮಾನ ನಿಲ್ದಾಣದ ಸುತ್ತಮುತ್ತ ಹಾರಿಸಬಾರದು ಎಂಬುದನ್ನು ಬಿಲ್ ಕೊಡುವಾಗಲೇ ಹೇಳಿ.

ಪಟವನ್ನು ಪ್ಯಾಕಿನಿಂದ ತೆಗೆದು ಒಮ್ಮೆ ಅವರ ಕೈಯಲ್ಲೇ ಜೋಡಿಸಿ ಬಿಚ್ಚಿಸಿ. ಒಂದು ಗಂಟನ್ನೂ ಕಲಿಸಿ ಕಳಿಸಿ. ದಾರದ ತುದಿಯಲ್ಲಿ ಕುಣಿಕೆ ಹಾಕಿ, ಆ ಕುಣಿಕೆಯನ್ನು ಅದರದೇ ಕುತ್ತಿಗೆಯ ಮೇಲೆ ಹಿಂದಕ್ಕೆ ಮಡಚಿದರೆ ಎರಡು ಕಿವಿಗಳಾಗುತ್ತವೆ; ಆ ಎರಡು ಕಿವಿಗಳ ನಡುವೆ ಪಟದ ಗಂಟು ಹಾಕಿದ ಎಳೆಯನ್ನು ತೂರಿಸಿ ಜಗ್ಗಿದರೆ ಲಾರ್ಕ್ಸ್ ಹೆಡ್ ಗಂಟು. ಎಳೆದಷ್ಟೂ ಬಿಗಿಯುತ್ತದೆ, ಬೇಕೆಂದಾಗ ಒಂದೇ ಬೆರಳಿಗೆ ಬಿಚ್ಚುತ್ತದೆ. ಸಿಕ್ಕಾಪಟ್ಟೆ ಗಂಟು ಹಾಕಿ ಕೊನೆಗೆ ದಾರವನ್ನೇ ಕತ್ತರಿಸುವವರು ಎಷ್ಟೋ ಮಂದಿ.

‘ಹಾರುತ್ತಿಲ್ಲ’ ಎಂದು ಮರಳಿ ತಂದರೆ ಹಣ ಕೊಡುವ ಮೊದಲು ಪಟವನ್ನು ಜೋಡಿಸಿ ನೋಡಿ. ಪಟ ಎಳೆಯುತ್ತದೆ ಆದರೆ ಮೇಲೇರದೆ ತಗ್ಗಿನಲ್ಲೇ ನಿಲ್ಲುತ್ತದೆ ಎಂದರೆ ಸೂತ್ರಕ್ಕೆ ದಾರ ಕಟ್ಟಿದ ಜಾಗ ತೀರ ಕೆಳಗಿದೆ, ಮೂತಿಯ ಕಡೆಗೆ ಅರ್ಧ ಸೆಂಟಿಮೀಟರ್ ಸರಿಸಿ. ತಲೆಯ ಮೇಲಕ್ಕೆ ಏರಿ ಸೋತು ಮುಂದಕ್ಕೆ ಮಗುಚುತ್ತದೆ ಎಂದರೆ ಅಷ್ಟೇ ಕೆಳಕ್ಕೆ. ಎರಡೂ ಬದಿಗೆ ಓಲಾಡಿ ಸುತ್ತುತ್ತದೆ ಎಂದರೆ ಬಾಲಂಗೋಚಿ ಉದ್ದ ಮಾಡಿ. ಒಂದೇ ಬದಿಗೆ ಸುತ್ತಿದರೆ ಕಡ್ಡಿ ಜೇಬಿನಿಂದ ಹೊರಬಂದಿದೆಯೇ, ಕೀಲು ಜಾರಿದೆಯೇ, ಸೂತ್ರದ ಒಂದು ಎಳೆ ಸಿಕ್ಕಿಕೊಂಡಿದೆಯೇ ಹುಡುಕಿ. ಏನೂ ಸಿಗದಿದ್ದರೆ ಅಂದು ಗಾಳಿ ಎಷ್ಟಿತ್ತು, ಎಲ್ಲಿ ನಿಂತಿದ್ದಿರಿ ಎಂದು ಕೇಳಿ; ಬಹಳ ಸಲ ಉತ್ತರ ಅಲ್ಲೇ ಇರುತ್ತದೆ.

ಇಂಥ ಪ್ರತಿ ವಾಪಸ್ಸನ್ನೂ ಒಂದು ಪುಸ್ತಕದಲ್ಲಿ ಬರೆಯಿರಿ: ಬ್ರ್ಯಾಂಡ್, ಮಾದರಿ, ದಿನಾಂಕ, ಏನಾಗಿತ್ತು, ಏನು ಮಾಡಿ ಸರಿಹೋಯಿತು. ತಪ್ಪು ಗಾಳಿಯದ್ದು, ಜೋಡಣೆಯದ್ದು, ಪಟದ್ದು ಎಂದು ಮೂರು ಕಾಲಂ ಸಾಕು. ಮುಂದಿನ ಋತುವಿನ ಆರ್ಡರ್ ಬರೆಯಲು ಕುಳಿತಾಗ ಸಗಟುದಾರರ ಕ್ಯಾಟಲಾಗಿಗಿಂತ ಮೊದಲು ಮೂರನೇ ಕಾಲಂ ತೆರೆಯಿರಿ.